ಮೊಟಕು ಪಿನ್ನು

ಮೂರನೇ ಸಲವೂ ಅಳತೆ ಅದೇ ಬಂತು.

ಕನೆಕ್ಟರಿನಲ್ಲಿ ನಾಲ್ಕು ಪಿನ್ನು. ಅದರಲ್ಲಿ ಅರ್ಥಿಂಗ್ ಪಿನ್ನು ಉಳಿದ ಮೂರಕ್ಕಿಂತ ಎರಡು ಮಿಲಿಮೀಟರ್ ಉದ್ದ ಇರಬೇಕು. ಇದು ಒಂದು ಮಿಲಿಮೀಟರ್ ಗಿಡ್ಡ ಇತ್ತು. ಭೂತಗನ್ನಡಿ ಹಿಡಿದರೆ ತುದಿ ಫಳಫಳ ಹೊಳೆಯುತ್ತಿತ್ತು. ಯಾರೋ ಸಣ್ಣ ಅರ ಹಿಡಿದು, ಅವಸರವಿಲ್ಲದೆ ಕೂತು ಉಜ್ಜಿದ್ದಾರೆ. ಮುರಿದದ್ದಲ್ಲ, ಸವೆದದ್ದಲ್ಲ, ಬೇಕೆಂದೇ ಮಾಡಿದ್ದು.

ಸಿಟ್ಟು ಬಂದರೆ ಬೇರೆಯವರ ಕೈ ನಡುಗುತ್ತದೆ. ನನ್ನದು ಗಟ್ಟಿಯಾಗುತ್ತದೆ. ಅಂದು ಬೆಳಿಗ್ಗೆ ಅದು ಕಲ್ಲಾಗಿತ್ತು.

ಗೋಳಗುಮ್ಮಟದ ಹಿಂದಿನ ರಸ್ತೆಯಲ್ಲಿ, ಪ್ರವಾಸಿಗರಿಗೆ ಟೊಪ್ಪಿಗೆ ಮಾರುವ ಅಂಗಡಿಗಳ ಸಾಲಿನ ಕೊನೆಗೆ ಇರುವ ದುರಸ್ತಿ ಅಂಗಡಿ ನನ್ನದು. ಬೋರ್ಡಿನ ಮೇಲೆ ಆಮ್ರಪಾಲಿ ಎಂದಷ್ಟೇ ಬರೆದಿದೆ. ಮಿಕ್ಸರಿನಿಂದ ಕಾರ್ಖಾನೆಯ ಸೆನ್ಸರಿನವರೆಗೆ ಎಲ್ಲವನ್ನೂ ಬಿಚ್ಚುತ್ತೇನೆ. ಸುಟ್ಟ ವೈರು ಯಾಕೆ ಸುಟ್ಟಿತು, ಯಾರು ಸುಟ್ಟರು ಎಂದು ಪೊಲೀಸರಿಗೂ ನಾಲ್ಕೈದು ಸಲ ಪತ್ತೆ ಮಾಡಿಕೊಟ್ಟಿದ್ದೇನೆ. ಈ ಸಲ ಸುಟ್ಟದ್ದು ನನ್ನ ಮನೆ.

ನನ್ನ ತಮ್ಮ ದೇವಾನಂದ ತಿಕೋಟಾದ ನೀಲಾಬಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದ. ಹದಿನೇಳು ದಿನದ ಹಿಂದೆ, ಒಣದ್ರಾಕ್ಷಿ ತುಂಬಿದ ಆ ಕಟ್ಟಡದ ಕಂಪ್ರೆಸರ್ ಕೋಣೆಯಲ್ಲಿ ಅಮೋನಿಯಾ ಸೋರಿ ಸತ್ತ. ಗ್ಯಾಸು ಸೋರಿದರೆ ಕೂಗಬೇಕಾದ ಗೋಡೆಯ ಸೆನ್ಸರು ಕೂಗಲಿಲ್ಲ. ಅದರ ಚಿಪ್ ಸುಟ್ಟುಹೋಗಿತ್ತು.

ಕಂಪನಿಯ ವರದಿ ಎರಡೇ ಸಾಲು. ಲೈನ್ ಚಾಲೂ ಇದ್ದಾಗಲೇ ದೇವಾನಂದ ಕನೆಕ್ಟರು ಸಿಕ್ಕಿಸಿದ, ಚಿಪ್ ಸುಟ್ಟಿತು. ತನ್ನ ಸಾವಿಗೆ ತಾನೇ ಕಾರಣ. ನಾಳೆ ಹನ್ನೊಂದು ಗಂಟೆಗೆ ಕಾರ್ಖಾನೆ ಇನ್ಸ್‌ಪೆಕ್ಟರು ಅದಕ್ಕೆ ಸಹಿ ಹಾಕಿದರೆ ನನ್ನ ತಮ್ಮ ಸರಕಾರದ ಕಾಗದದಲ್ಲಿ ಶಾಶ್ವತವಾಗಿ ದಡ್ಡನಾಗುತ್ತಾನೆ.

ಅವನ ಹೆಣದ ಮುಂದೆ ನಾನು ಮತ್ತು ಅವನ ಹೆಂಡತಿ ಪೂನಮ ಕೈ ಹಿಡಿದುಕೊಂಡು ಒಂದು ಮಾತು ಆಡಿದ್ದೆವು. ಮಾಡಿದವರು ಯಾರೇ ಇರಲಿ, ಅದೇ ಕೋಣೆಯಲ್ಲಿ ಕೂತು ಅದೇ ಗಾಳಿ ಕುಡಿಯಬೇಕು. ಬುದ್ಧವಂದನೆ ಮುಗಿಸಿ ಕೂತ ಜನರ ಎದುರು ಆಡುವ ಮಾತಲ್ಲ ಅದು. ಆಡಿದೆವು. ನನಗೆ ಇವತ್ತಿಗೂ ನಾಚಿಕೆಯಾಗಿಲ್ಲ.

ದೇವಾನಂದನ ಹತ್ಯಾರದ ಚೀಲವನ್ನು ಕಂಪನಿ ನಿನ್ನೆ ಕಳಿಸಿತ್ತು. ಸ್ಕ್ರೂಡ್ರೈವರು, ಟೇಪು, ಅವನ ತಂಬಾಕಿನ ಡಬ್ಬಿ. ಎಲ್ಲದರ ತಳದಲ್ಲಿ ಚಿಂದಿಯಲ್ಲಿ ಸುತ್ತಿದ ಈ ಕೇಬಲ್. ಸೆನ್ಸರಿಗೆ ಸಿಕ್ಕಿಸಿದ್ದ ಕೇಬಲ್ ಇದೇ.

ಇಂಥ ಕೇಬಲ್ಲನ್ನು ದೇವಾನಂದ ನನ್ನ ಅಂಗಡಿಯಲ್ಲೇ ಮಾಡಿಸುತ್ತಿದ್ದ. ಚಾಲೂ ಲೈನಿಗೆ ಕನೆಕ್ಟರು ಸಿಕ್ಕಿಸುವಾಗ ಕರೆಂಟು ಒಳಗೆ ಬರುವ ಮೊದಲು ಹೊರಗೆ ಹೋಗುವ ದಾರಿ ತೆರೆದಿರಬೇಕು. ಆ ದಾರಿಯೇ ಅರ್ಥಿಂಗ್ ಪಿನ್ನು. ಉದ್ದ ಇದ್ದರೆ ಅದೇ ಮೊದಲು ತಾಗುತ್ತದೆ, ಕೀಳುವಾಗ ಅದೇ ಕೊನೆಗೆ ಬಿಡುತ್ತದೆ. ಗಿಡ್ಡ ಇದ್ದರೆ ಕರೆಂಟು ಮೊದಲು ಬಂದು, ಹೋಗಲು ದಾರಿ ಕಾಣದೆ, ಚಿಪ್ಪಿನ ಕೂದಲೆಳೆಯಂಥ ತಂತಿಗಳಿಗೆ ನುಗ್ಗುತ್ತದೆ. ರೆಪ್ಪೆ ಬಡಿಯುವುದರೊಳಗೆ ಚಿಪ್ ಸತ್ತಿರುತ್ತದೆ.

ಸತ್ತದ್ದು ಯಾರಿಗೂ ತಿಳಿಯುವುದಿಲ್ಲ, ಅದೇ ಕೇಡು. ಗ್ಯಾಸಿನ ಅಂಕಿ ತೋರಿಸುವ ತಿಕೋಟಾದ ಆ ಹಳೆಯ ಬೋರ್ಡಿನ ಮೇಲೆ ಶುದ್ಧ ಗಾಳಿಗೂ ಸೊನ್ನೆ, ಸತ್ತ ಚಿಪ್ಪಿಗೂ ಸೊನ್ನೆ. ಹೀಗಾಗಿ ದೇವಾನಂದ ಸಣ್ಣ ಬಾಟಲಿಯಲ್ಲಿ ಎರಡು ಹನಿ ಅಮೋನಿಯಾ ಇಟ್ಟುಕೊಂಡಿರುತ್ತಿದ್ದ. ಕೇಬಲ್ ಮುಟ್ಟಿದಾಗಲೆಲ್ಲ ಸೆನ್ಸರಿನ ಮೂಗಿಗೆ ಬಾಟಲಿ ಹಿಡಿದು, ಕೂಗನ್ನು ಕಿವಿಯಾರೆ ಕೇಳಿಯೇ ಇಳಿಯುತ್ತಿದ್ದ. ನನಗೂ ಅದೇ ರೂಢಿ ಹಿಡಿಸಿದ್ದ.

ನಮ್ಮ ಕೇಬಲ್ಲಿಗೆ ಇನ್ನೊಂದು ಕಾವಲೂ ಇತ್ತು. ಸಿಗ್ನಲ್ ತಂತಿಯನ್ನು ಕತ್ತರಿಸಿ ನಡುವೆ ಜೋಳದ ಕಾಳಿನಷ್ಟು ರೆಸಿಸ್ಟರು, ಕರೆಂಟು ನುಗ್ಗಿ ಬಂದರೂ ಅದರ ಓಟ ತಡೆಯಲು. ಅದರ ಮೇಲೆ ಹಳದಿ ಸ್ಲೀವು. ಸ್ಲೀವಿನ ಅಂಚಿಗೆ ಮೆಹರೂನ್ ನೇಲ್ ಪಾಲಿಶಿನ ಒಂದು ಚುಕ್ಕೆ. ಕೇಬಲ್ ಪರೀಕ್ಷೆಯಾಗಿದೆ, ಇನ್ನು ಯಾರೂ ಬಿಚ್ಚಿಲ್ಲ ಎನ್ನುವುದಕ್ಕೆ ಅದೇ ಗುರುತು. ಪಾಲಿಶು ಪೂನಮಳದು. ಮೂರು ವರ್ಷದಿಂದ ಅಂಗಡಿಯಲ್ಲಿ ಪರೀಕ್ಷೆಯ ಕೆಲಸ ಅವಳದೇ. ಆ ಚುಕ್ಕೆ ಇದ್ದರೆ ನಾನು ಮತ್ತೆ ತಿರುಗಿಸಿ ನೋಡುವುದಿಲ್ಲ.

ಈ ಕೇಬಲ್ಲಿನ ಚುಕ್ಕೆ ಒಡೆದಿರಲಿಲ್ಲ. ಪಿನ್ನು ಮಾತ್ರ ಮೊಟಕಾಗಿತ್ತು. ಅಂದರೆ ತಿಕೋಟಾದಲ್ಲಿ ಯಾರೋ ಹೊರಗಿನಿಂದ ಉಜ್ಜಿದ್ದಾರೆ. ಹಾಗೆಂದುಕೊಂಡು, ಕೇಬಲ್ಲನ್ನೂ ಒಂದು ಖಾಲಿ ಸೆನ್ಸರ್ ಡಬ್ಬಿಯನ್ನೂ ಅಮೋನಿಯಾ ಬಾಟಲಿಯನ್ನೂ ಚೀಲಕ್ಕೆ ತುಂಬಿ ಸ್ಕೂಟಿ ಒದ್ದೆ.

ತಿಕೋಟಾ ಮುಟ್ಟುವಾಗ ಹನ್ನೆರಡು ದಾಟಿತ್ತು. ರಸ್ತೆಯ ಎರಡೂ ಬದಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು, ಅವುಗಳ ಹಸಿರು ಪರದೆ ಬಿಸಿಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದೇ ರಸ್ತೆಯಲ್ಲಿ ಹದಿನೇಳು ದಿನದ ಹಿಂದೆ ಬಂದಿದ್ದಾಗ ನನಗೆ ಏನೂ ಕಂಡಿರಲಿಲ್ಲ.

ಕಂಪ್ರೆಸರ್ ಕೋಣೆಯ ಬಾಗಿಲಲ್ಲಿ ಫೋನಿಡುವ ಕಟ್ಟಿಗೆಯ ಪೆಟ್ಟಿಗೆ. ಫೋನು ಅದರಲ್ಲಿಟ್ಟೇ ಒಳಗೆ ಹೋಗಬೇಕು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಾವಕಾರರ ತಾಯಿ ನೀಲಾಬಾಯಿ ಕೂತಿದ್ದರು. ಎಪ್ಪತ್ತೈದು ದಾಟಿದ ಜೀವ, ಹಣೆತುಂಬ ವಿಭೂತಿ. ನನ್ನನ್ನು ಕಂಡು ಎದ್ದು ನಿಂತರು. ನಾನು ನಮಸ್ಕಾರ ಮಾಡಲಿಲ್ಲ.

ಒಳಗೆ ಮೂವರು. ಸಾವಕಾರ ಸಂಗನಬಸವ, ಮ್ಯಾನೇಜರ್ ಮಲ್ಲಿನಾಥ, ಮತ್ತು ಬೋರ್ಡಿನ ಮುಂದೆ ಅಜಿತ. ಅಜಿತ ಅರಕೇರಿಯವನು, ದೇವಾನಂದನ ಜೀವದ ಗೆಳೆಯ, ಹೆಣಕ್ಕೆ ಹೆಗಲು ಕೊಟ್ಟವನು. ಉಳಿದ ಇಬ್ಬರಲ್ಲಿ ಒಬ್ಬ ಕೊಲೆಗಾರ ಎಂದು ನಾನು ಲೆಕ್ಕ ಹಾಕಿಯಾಗಿತ್ತು. ಯಾರಾದರೂ ಸರಿ, ಇಬ್ಬರೂ ಆದರೆ ಇನ್ನೂ ಸರಿ.

"ನಾಳೆ ಸಾಹೇಬ್ರ ಬರಾವ್ರ ಅದಾರ, ಇವತ್ತ ಯಾಕ ಬಂದಿ ತಂಗಿ?" ಎಂದ ಸಂಗನಬಸವ. ದನಿಯಲ್ಲಿ ಬೆಣ್ಣೆ ಇತ್ತು.

"ನಿಮ್ಮ ವರದಿ ಓದಿದ್ನಿರಿ ಸಾವಕಾರ್ರ. ಚಾಲೂ ಲೈನಿಗೆ ಸಿಕ್ಕಿಸಿದ್ರ ನಮ್ಮ ಕೇಬಲ್ಲು ಚಿಪ್ ಸುಡತೈತಿ ಅಂತ ಬರದೀರಿ. ಅದನ್ನ ತೋರಸಾಕ ಬಂದೇನಿ."

ದೇವಾನಂದ ಸತ್ತ ಮೇಲೆ ಗೋಡೆಗೆ ಹೊಸ ಸೆನ್ಸರು ಹಾಕಿದ್ದರು. ಅದಕ್ಕೆ ಸಿಕ್ಕಿಸಿದ್ದು ಬಜಾರಿನ ಸಾದಾ ಕೇಬಲ್. ಮೂಲೆಯ ಕಪಾಟು ತೆಗೆದೆ. ಹೋದ ವರ್ಷ ನಾನೇ ಮಾಡಿಕೊಟ್ಟ ಹೆಚ್ಚುವರಿ ಕೇಬಲ್ ಅಲ್ಲೇ ಇತ್ತು. ಹಳದಿ ಸ್ಲೀವು, ಮೆಹರೂನ್ ಚುಕ್ಕೆ. ಸ್ಟೂಲು ಹತ್ತಿ, ಬೋರ್ಡು ಚಾಲೂ ಇದ್ದಂತೆಯೇ ಸಾದಾ ಕೇಬಲ್ ಕಿತ್ತು, ನಮ್ಮದನ್ನು ಕಟ್ ಎಂದು ಸಿಕ್ಕಿಸಿದೆ. ನನ್ನ ಕಣ್ಣು ಪೂರ್ತಿ ಆ ಇಬ್ಬರ ಮುಖದ ಮೇಲಿತ್ತು.

"ಬೋರ್ಡ ನೋಡ್ರಿ. ಏನರ ಆತೇನು?"

"ಸೊನ್ನಿ ಐತಿ," ಎಂದ ಮಲ್ಲಿನಾಥ.

"ಸುಟ್ಟಿತೇನ್ರಿ? ಹೊಗಿ ಬಂತೇನ್ರಿ?"

ಮಲ್ಲಿನಾಥ ಅಡ್ಡಡ್ಡ ತಲೆಯಾಡಿಸಿದ. ನನಗೆ ಹಬ್ಬವಾದಂತಾಯಿತು. ಕೇಬಲ್ಲನ್ನು ಹಾಗೇ ಬಿಟ್ಟು ಸ್ಟೂಲಿನಿಂದ ಇಳಿದೆ.

"ದೇವಾನಂದ ಹಾಕಿದ್ರೂ ಹಿಂಗ ಹಾಕತಿದ್ದ. ಅಂವಾ ಚಾಲೂ ಲೈನ್ ಮುಟ್ಟಾವ ಅಲ್ಲ, ಮುಟ್ಟಿದ್ರೂ ಚಿಪ್ ಸಾಯತಿರಲಿಲ್ಲ. ಹಂಗಾರ ಸಾಯಿಸಿದಾವ್ರ ಬ್ಯಾರೆ. ಆ ವಾರ ಕನೆಕ್ಟರ್ ಮುಟ್ಟಿದಾವ್ರ ಯಾರು?"

"ಅವನ ಒಬ್ಬಾಂವ," ಎಂದ ಸಂಗನಬಸವ. "ಬುಧವಾರ ಹೊಸಾ ಕೇಬಲ್ ಹಾಕಿ ರಜಾ ಮ್ಯಾಲ ಹೆಂಡ್ತಿ ತವರು ಬಬಲೇಶ್ವರಕ್ಕ ಹೋದ. ಶನಿವಾರ ವಾಲ್ವ್ ಸೋರಾಕತ್ತೇತಿ ಅಂತ ಮಲ್ಲಿನಾಥ ಫೋನ್ ಮಾಡಿದ, ತಿರಗಿ ಬಂದ. ನಡುವ ಯಾರೂ ಮುಟ್ಟಿಲ್ಲ. ನಮ್ಮಲ್ಲಿ ಚಾಲೂ ಲೈನ್ ಮುಟ್ಟೂ ಪದ್ಧತಿನ ಇಲ್ಲ."

"ಯಾಕ ಇಲ್ಲೋ ಯಪ್ಪಾ?" ಬಾಗಿಲಿನಿಂದ ನೀಲಾಬಾಯಿಯ ದನಿ. "ಅಮಾಸಿಗೊಮ್ಮೆ ನೀನ ಕೀಳತಿ ಅಲ್ಲ."

ಸಂಗನಬಸವನ ಮುಖ ಸುಣ್ಣದಂತಾಯಿತು.

"ಯವ್ವಾ, ನೀ ಸುಮ್ಮನ ಕುಂಡ್ರು."

"ಯಾಕ ಸುಮ್ಮನ ಕುಂಡ್ರಲಿ? ದೇವರ ಕೆಲಸಾ, ಕದ್ದ ಮಾಡಿದ್ದೇನ ಅಲ್ಲ." ಮುದುಕಿ ನನ್ನ ಕಡೆ ತಿರುಗಿದರು. "ಅಮಾಸಿಗೆ ಮಿಷನ್ನಿಗೆ ಪೂಜಾ ಮಾಡತೇವಿ ನೋಡವಾ. ಲೋಬಾನ ಹಾಕಿದ್ರ ಆ ಗ್ವಾಡಿ ಮ್ಯಾಲಿಂದು ಒಂದ ಸಮನ ಒದರತೈತಿ, ಮಿಷನ್ ಬಂದ್ ಬೀಳತಾವು. ಅದಕ್ಕ ಇಂವಾ ಅದರ ಬಾಲಾ ಕೀಳತಾನ. ಆರತಿ ಆದಮ್ಯಾಲ ನಿವದ್ಯಾ ಉಂಡು, ಒಂದ ತಾಸು ಒಬ್ಬನ ಇಲ್ಲೆ ಕುಂಡ್ರಬೇಕು. ನಂದ ಹರಕಿ ಅದು. ಕುಂಡ್ರೂಕಿಂತ ಮೊದಲ ಮತ್ತ ಬಾಲಾ ಹಚ್ಚತಾನ."

ಆ ಶುಕ್ರವಾರ ಅಮಾವಾಸ್ಯೆ.

ಬೋರ್ಡು ಬಂದ್ ಮಾಡಿದರೆ ಕಂಪ್ರೆಸರುಗಳು ನಿಂತು, ಮತ್ತೆ ಹಿಡಿಯಲು ಎರಡು ತಾಸು ಬೇಕು. ಅದಕ್ಕೇ ದೇವಾನಂದನನ್ನು ಬಿಟ್ಟರೆ ಯಾರೂ ಬಂದ್ ಮಾಡುತ್ತಿರಲಿಲ್ಲ. ಬೈದು ಬೈದು ಸಾಕಾಗಿಯೇ ದೇವಾನಂದ ನನ್ನಿಂದ ಉದ್ದ ಪಿನ್ನಿನ ಕೇಬಲ್ ಮಾಡಿಸಿದ್ದ. ಇವರು ಸುಧಾರಿಸುವವರಲ್ಲ, ಚಿಪ್ಪನ್ನಾದರೂ ಉಳಿಸೋಣ ಅಂತ.

"ಹೂನ್ರಿ, ಕಿತ್ತೆ," ಎಂದ ಸಂಗನಬಸವ. ದನಿಯ ಬೆಣ್ಣೆ ಕರಗಿತ್ತು. "ವರ್ಷಾನಗಟ್ಟಲೆ ಕೀಳಾಕತ್ತೇನಿ. ಒಮ್ಮೆನೂ ಸುಟ್ಟಿಲ್ಲ. ಈಗ ನೀನ ಹಾಕಿದೆಲ್ಲ, ಸುಟ್ಟಿತೇನು?"

ತಪ್ಪು ನನ್ನ ತಮ್ಮನ ತಲೆಗೆ ಕಟ್ಟಿದ್ದು ಇವನೇ, ಅದು ಖಾತ್ರಿಯಾಯಿತು. ಆದರೆ ಪಿನ್ನು ಉಜ್ಜಿದವನು ಯಾರು, ಅದು ನನಗೆ ಬೇಕಿತ್ತು. ಚೀಲದಿಂದ ಸೆನ್ಸರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಒಳಗೆ ಏನೂ ಇಲ್ಲದ ಡಬ್ಬಿ, ಅದು ಅವರಿಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ಮೊಟಕು ಪಿನ್ನಿನ ಕೇಬಲ್ ಇಟ್ಟೆ.

"ಇದು ಚಾಲೂ ಸೆನ್ಸರು. ಒಬ್ಬೊಬ್ಬರ ಬಂದ ಸಿಕ್ಕಿಸ್ರಿ."

ಉಜ್ಜಿದವನಿಗೆ ಪಿನ್ನಿನ ಹಣೆಬರಹ ಗೊತ್ತು. ಕೈ ಹಾಕುವ ಮೊದಲು ಅವನ ಕಣ್ಣು ಅಲ್ಲಿಗೆ ಹೋಗಲೇಬೇಕು. ಗೊತ್ತಿಲ್ಲದವನು ಸುಮ್ಮನೆ ಸಿಕ್ಕಿಸುತ್ತಾನೆ. ಅಷ್ಟೇ ನನ್ನ ಬಲೆ.

ಮಲ್ಲಿನಾಥ ಮೊದಲು ಬಂದ. ಗೊಣಗುತ್ತ ಕೇಬಲ್ ಎತ್ತಿ, ನೋಡದೆಯೇ ತುರುಕಿ, ಕೈ ಒರೆಸಿಕೊಂಡು ಹಿಂದೆ ಸರಿದ.

ಸಂಗನಬಸವ ಬಂದ.  ನೋಡು ಮಗನೇ, ನೋಡು ಎಂದು ಒಳಗೇ ಕೂಗುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತ, ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈಯಿಂದ ಕಟ್ಟೆಂದು ಸಿಕ್ಕಿಸಿದ. ಒಂದು ಸಲವೂ ಕಣ್ಣು ಕೆಳಗಿಳಿಸಲಿಲ್ಲ.

ಹದಿನೇಳು ದಿನ ಹೊಟ್ಟೆಯಲ್ಲಿಟ್ಟು ಸಾಕಿದ ಸೇಡು ಕಾಲು ಮುರಿದುಕೊಂಡು ಕೂತಿತು. ನನಗೆ ಅಳುವಷ್ಟು ನಿರಾಸೆಯಾಯಿತು.

"ನಾನೂ ಹಾಕಲೇನು ಅಕ್ಕ?" ಎಂದ ಅಜಿತ.

ಅವನನ್ನು ನಾನು ಕರೆದೇ ಇರಲಿಲ್ಲ. ಅವನು ಮೆಲ್ಲಗೆ ಬಂದು ಕೇಬಲ್ ಎತ್ತಿದ. ಕನೆಕ್ಟರನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಅರ್ಥಿಂಗ್ ಪಿನ್ನಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಅದನ್ನು ಸಿಕ್ಕಿಸದೆ ಮೇಜಿನ ಮೇಲಿಟ್ಟ.

ನಾನು ಅವನ ಕಾಲರು ಹಿಡಿದು ಹೊರಗೆ ಎಳೆದುಕೊಂಡು ಹೋದೆ. ಬೇವಿನ ಮರದ ಕೆಳಗೆ, ಖಾಲಿ ಕ್ರೇಟುಗಳ ಹಿಂದೆ ನಿಲ್ಲಿಸಿ ಕೆನ್ನೆಗೆ ಬಾರಿಸಿದೆ.

"ಲೇ, ಅವನ ತಾಟಿನ್ಯಾಗ ಉಂಡಾಂವ ನೀ."

ಅಜಿತ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಆ ಕೇಬಲ್ ಅವನ ಚೀಲದಾಗ ಹಾಕಿ ಕಳಿಸಿದಾಂವ ನಾನ ಅಕ್ಕ. ನೀ ನೋಡಲಿ ಅಂತ. ದೇವಾ ಸತ್ತ ಮರುದಿನಾನ ನಾ ಪಿನ್ ನೋಡಿದ್ದೆ."

"ಮತ್ತ ಹದಿನೇಳ ದಿನ ಬಾಯಿಗೆ ಬೀಗ ಹಾಕ್ಕೊಂಡ ಕುಂತಿದ್ದಿ?"

"ನಿಂದ ತಪ್ಪ ಅಂತ ತಿಳಕೊಂಡಿದ್ದೆ." ಅವನ ಕಣ್ಣು ತುಂಬಿತ್ತು. "ನಿನ್ನ ಅಂಗಡಿ ಕೇಬಲ್ಲು. ನಿನ್ನ ಕೈ ತಪ್ಪಿ ನಿನ್ನ ತಮ್ಮ ಸತ್ತ ಅಂತ ನಿನಗ ಹೆಂಗ ಹೇಳಲಿ? ಇವತ್ತ ನೀ ಇವ್ರ ಮ್ಯಾಲ ಬಂದಾಗ ನಿನಗೂ ಗೊತ್ತಿಲ್ಲ ಅಂತ ತಿಳೀತು."

"ಯಾರೋ ಇಲ್ಲೆ ಉಜ್ಜ್ಯಾರ."

"ಇಲ್ಲೆ ಯಾರೂ ಉಜ್ಜಿಲ್ಲ. ಬುಧವಾರ ಪೂನಮ ತಂದ ಕೊಟ್ಲು. ದೇವಾ ಲೈನ್ ಬಂದ್ ಮಾಡಿ ಹಾಕಿದ, ಬಾಟಲಿ ಹಿಡದ, ಸೆನ್ಸರ್ ಒದರಿತು. ಲೈನ್ ಬಂದ್ ಇದ್ರ ಪಿನ್ ಗಿಡ್ಡ ಇದ್ರೂ ಏನೂ ಆಗಂಗಿಲ್ಲಲ್ಲ. ಅವತ್ತಿಂದ ಶನಿವಾರ ತನಕ ಅದು ಗ್ವಾಡಿ ಮ್ಯಾಗ ಇತ್ತು, ನನ್ನ ಕಣ್ಣ ಮುಂದ. ಅಮಾಸಿ ದಿನ ಸಾವಕಾರ ಕಿತ್ತಾಗ ಜ್ವಾತಾಡಕೋಂತ ಅಲ್ಲೇ ಇತ್ತು. ಅದು ಬರೂಮುಂದನ ಹಿಂಗ ಬಂದಿತ್ತು ಅಕ್ಕ."

ಬುಧವಾರ ನಾನು ಸಾಮಾನು ತರಲು ಸೊಲ್ಲಾಪುರಕ್ಕೆ ಹೋಗಿದ್ದೆ. ಅಂಗಡಿಯಲ್ಲಿ ಪೂನಮ ಒಬ್ಬಳೇ.

ಕೇಬಲ್ ತಂದು ಕ್ರೇಟಿನ ಮೇಲೆ ಹಾಕಿ, ಬ್ಲೇಡಿನಿಂದ ಹಳದಿ ಸ್ಲೀವು ಸೀಳಿದೆ. ಬೆಳಿಗ್ಗೆಯೇ ಸೀಳಬೇಕಿತ್ತು. ಮನೆಯವರ ಮುದ್ರೆ ಇದ್ದದ್ದನ್ನು ಯಾರು ಬಿಚ್ಚಿ ನೋಡುತ್ತಾರೆ?

ಒಳಗೆ ರೆಸಿಸ್ಟರು ಇರಲಿಲ್ಲ. ತಂತಿಯ ಎರಡೂ ತುದಿಗಳನ್ನು ನೇರವಾಗಿ, ಅಚ್ಚುಕಟ್ಟಾಗಿ ಬೆಸೆದಿತ್ತು. ಬೆಸುಗೆಯ ತುದಿ ಎಡಕ್ಕೆ ತುಸು ವಾಲಿತ್ತು. ಎಡಗೈಯವರು ಬೆಸೆದರೆ ಹಾಗೆ ವಾಲುತ್ತದೆ. ನನ್ನ ಅಂಗಡಿಯಲ್ಲಿ ಎಡಗೈಯವಳು ಒಬ್ಬಳೇ ಇದ್ದಾಳೆ, ಅವಳಿಗೆ ಬೆಸೆಯಲು ಕಲಿಸಿದವಳು ನಾನು.

ಹೊರಡುವಾಗ ನೀಲಾಬಾಯಿ ಬಾಗಿಲಲ್ಲೇ ನಿಂತಿದ್ದರು.

"ತಮ್ಮನ ಸಲುವಾಗಿ ಬ್ಯಾಸರ ಮಾಡಕೋಬ್ಯಾಡ ಮಗಳ. ಅಂವಾ ಸತ್ತ ಜಾಗದಾಗ ದಿನಾ ಸಂಜಿಕ ದೀಪಾ ಹಚ್ಚಿ, ಒಂದ ತಾಸು ಕುಂಡ್ರತೇನಿ. ಅಜಿತನೂ ಒಳಗ ಇರತಾನ. ನನ್ನ ಕಡಿಂದ ಅಷ್ಟ."

ನಾನು ಚೀಲವನ್ನು ಸ್ಕೂಟಿಗೆ ಸಿಕ್ಕಿಸಿ ಹೊರಟೆ. 

ಒಳರಸ್ತೆ ಹಿಡಿದು ಬಬಲೇಶ್ವರ ಮುಟ್ಟುವಾಗ ಹೊತ್ತು ಇಳಿದಿತ್ತು. ನಡುವೆ ಒಂದು ಕಡೆ ಸ್ಕೂಟಿ ನಿಲ್ಲಿಸಿ ಬದುವಿನ ಮೇಲೆ ತುಂಬ ಹೊತ್ತು ಕೂತಿದ್ದೆ. ಪೂನಮಳ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಅವಳು ಗಂಡನನ್ನು ಎಷ್ಟು ಹಚ್ಚಿಕೊಂಡಿದ್ದಳು ಎಂಬುದನ್ನು ನಾನು ಕಣ್ಣಾರೆ ಕಂಡವಳು. ಕೈ ತಪ್ಪಿರಬೇಕು ಎಂದುಕೊಂಡೆ. ಆದರೆ ಅರ ಹಿಡಿದು ಗುಂಡಗೆ ಉಜ್ಜುವುದಕ್ಕೆ ಕೈ ತಪ್ಪುವುದು ಅನ್ನುವುದಿಲ್ಲ.

ತವರು ಮನೆಯ ಪಡಸಾಲೆಯಲ್ಲಿ ಪೂನಮ ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅವಳ ತಾಯಿ ಹನಮವ್ವ ಕೆಮ್ಮುತ್ತಿದ್ದಳು. ಆ ಕೆಮ್ಮು ನನಗೆ ಮದುವೆಯ ದಿನದಿಂದ ಪರಿಚಯ. ಒಲೆಯ ಹೊಗೆಯಿಂದ ಬಂದದ್ದು ಎಂದು ಹೇಳಿದ್ದರು.

"ಸಿಕ್ಕರೇನ್ರಿ ಅಕ್ಕಾರ?" ಎಂದಳು ಪೂನಮ, ತಲೆ ಎತ್ತದೆ.

ಸೀಳಿದ ಕೇಬಲ್ಲನ್ನು ಅವಳ ಮೊರದೊಳಗೆ ಹಾಕಿದೆ.

ಅವಳು ಅದನ್ನು ನೋಡಿದಳು. ಮೆಣಸಿನಕಾಯಿಯ ಕೈ ಸೆರಗಿಗೆ ಒರೆಸಿಕೊಂಡಳು. ಅತ್ತು ಕರೆದು ಮಾಡಲಿಲ್ಲ.

"ಇವ್ರ ರಜಾ ಮ್ಯಾಲ ಇದ್ರು. ಸೋಮವಾರ ತನಕ ಇಲ್ಲೇ ಇರಾವ್ರಿದ್ರು," ಎಂದಳು. "ನಾನ ಬ್ಯಾಡ ಬ್ಯಾಡ ಅಂದೆ. ಫೋನ್ ಬಂತು, ಕೈ ಬಿಡಿಸಿಕೊಂಡ ಹೋದ್ರು."

"ಯಾರ ಸಲುವಾಗಿ ಮಾಡಿದ್ದಿ?"

"ಕೇಳಾಕತ್ತೇತಿಲ್ರಿ?" ಒಳಗಿನ ಕೆಮ್ಮಿನ ಕಡೆ ಬೆರಳು ತೋರಿಸಿದಳು. "ಆರು ವರ್ಷ ಆತು. ಸಾರವಾಡದ ಹೆಂಗಸರ ಜೋಡಿ ಅವ್ವಾ ಅದ ಸ್ಟೋರೇಜಿಗೆ ಒಣದ್ರಾಕ್ಷಿ ಆರಸಾಕ ಹೋಗತಿದ್ಲು. ಅದ ವಾಲ್ವ್ ಸೋರಿತು. ಅಕಿ ಎದಿ ಒಳಗ ಸುಟ್ಟಿತು. ಅವ್ರು ಏನ ಬರದ್ರ ಗೊತ್ತೇನ್ರಿ? ಉಪಾಸ ಇದ್ಲು, ತಲಿ ತಿರಗಿ ಬಿದ್ಲು ಅಂತ. ತಪ್ಪ ಅಕಿದ ಅಂತ."

ಒಳಗೆ ಹನಮವ್ವ ಮತ್ತೆ ಕೆಮ್ಮಿದಳು.

"ಅಮಾಸಿ ದಿನ ಸಾವಕಾರ ಒಬ್ಬನ ಒಂದ ತಾಸು ಅಲ್ಲೆ ಕುಂಡ್ರತಾನಂತ ಇವ್ರ ನಕ್ಕೋಂತ ಹೇಳತಿದ್ರು. ವಾಲ್ವ್ ವಾರಕ್ಕೊಮ್ಮೆ ಸೋರತೈತಿ ಅಂತನೂ ಇವ್ರ ಹೇಳತಿದ್ರು. ತನ್ನ ಕೈಯಿಂದ ತಾನ ಕಿತ್ತು, ತಾನ ಹಚ್ಚಲಿ, ತಾನ ಸುಡಲಿ ಅಂದೆ. ಆ ಶುಕ್ರವಾರ ಸೋರಲಿಲ್ಲ. ಶನಿವಾರ ಸೋರಿತು." ಮೊರ ಪಕ್ಕಕ್ಕೆ ಸರಿಸಿದಳು. "ನನ್ನ ಗಂಡನ್ನ ನಾನ ತಿಂದೆ ಅಕ್ಕಾರ. ಆದ್ರ ಆ ಸಾವಕಾರ ಇನ್ನೂ ಬದಕ್ಯಾನ."

ಎದ್ದು ಟ್ರಂಕಿನ ಹತ್ತಿರ ಹೋದಳು. ಅದರೊಳಗಿನಿಂದ ಏನೋ ತಂದು ನನ್ನ ಮುಂದೆ ಇಟ್ಟಳು. ಹಳದಿ ಸ್ಲೀವಿನ ಒಂದು ಕೇಬಲ್, ಧೂಳು ಹಿಡಿದದ್ದು. ಕನೆಕ್ಟರು ತಿರುಗಿಸಿದೆ. ಅರ್ಥಿಂಗ್ ಪಿನ್ನು ಉಳಿದ ಮೂರಕ್ಕಿಂತ ಎರಡು ಮಿಲಿಮೀಟರ್ ಉದ್ದ ಇತ್ತು. ಬೆಸುಗೆಗೆ ಮುನ್ನ ನಾನು ಗೀರುವ ಸಣ್ಣ ಅಡ್ಡಗೆರೆಯೂ ಇತ್ತು. ಹೋದ ವರ್ಷದ ನನ್ನ ಕೆಲಸ.

"ಇದು ಅಲ್ಲೆ ಕಪಾಟಿನ್ಯಾಗ ಇದ್ದದ್ದು," ಎಂದಳು ಪೂನಮ. "ಒಂದ ತಪ್ಪಿದ್ರ ಇನ್ನೊಂದ ಇರಲಿ ಅಂತ ಗಿಡ್ಡ ಪಿನ್ನಿಂದು ಎರಡ ಮಾಡಿದ್ದೆ. ಅವತ್ತ ಎರಡನೇದನ್ನ ಅಲ್ಲೆ ಇಟ್ಟು ಇದನ್ನ ತಂದೆ."

ಕೇಬಲ್ಲನ್ನು ಕೆಳಗಿಟ್ಟೆ.

ಮಧ್ಯಾಹ್ನ ಸ್ಟೂಲು ಹತ್ತಿ, ಎಲ್ಲರೆದುರು ಮೆರೆದು, ಚಾಲೂ ಲೈನಿಗೆ ನಾನೇ ನನ್ನ ಕೈಯಿಂದ ಸಿಕ್ಕಿಸಿದ್ದು ಆ ಎರಡನೆಯದನ್ನೇ. ಬೋರ್ಡಿನ ಮೇಲೆ ಸೊನ್ನೆ ಬಂದಿತ್ತು, ಸತ್ತ ಚಿಪ್ಪಿಗೂ ಬರುವ ಅದೇ ಸೊನ್ನೆ. ಸುಟ್ಟಿತೇನ್ರಿ ಎಂದು ಕೇಳಿದ್ದೆ. ಚೀಲಕ್ಕೆ ಕೈ ಹಾಕಿದೆ. ಅಮೋನಿಯಾ ಬಾಟಲಿಯ ಬಿರಡೆ ಬೆಳಿಗ್ಗೆ ಹಾಕಿದಂತೆಯೇ ಇತ್ತು.

ಅಜಿತನಿಗೆ ಫೋನು ಹಚ್ಚಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಬಾಗಿಲಿನ ಪೆಟ್ಟಿಗೆಯಲ್ಲಿ ರಿಂಗಾಗುತ್ತಿದೆ ಎಂದು ನೆನಪಾಯಿತು. ಕಟ್ ಮಾಡಿ ಸಂಗನಬಸವನಿಗೆ ಹಚ್ಚಿದೆ. ಎತ್ತಿದ.

"ಹೇಳ ತಂಗಿ, ಇನ್ನೇನ ಉಳೀತು?"

"ಸಾವಕಾರ್ರ, ಒಳಗ ಯಾರ ಅದಾರ?"

"ಅವ್ವಾ ದೀಪಾ ಹಚ್ಚಾಕ ಹೋಗ್ಯಾಳ, ಬೋರ್ಡಿಗೆ ಅಜಿತ ಅದಾನ. ವಾಲ್ವಿನ ಕಡಿ ಸ್ವಲ್ಪ ವಾಸನಿ ಬರಾಕತ್ತೇತಿ ಅಂದ್ಲು, ನಾನೂ ನೋಡಾಕ ಹೊಂಟೇನಿ. ಬೋರ್ಡಿನ ಮ್ಯಾಲ ಸೊನ್ನಿ ಐತಿ, ನೀ ಚಿಂತಿ ಮಾಡಬ್ಯಾಡ. ತಡಿ, ಫೋನ್ ಪೆಟಗ್ಯಾಗ ಇಡತೇನಿ."

"ಒಳಗ ಹೋಗಬ್ಯಾಡ್ರಿ," ಎನ್ನಲು ಬಾಯಿ ತೆರೆದೆ.

ಪೂನಮಳ ಎಡಗೈ ನನ್ನ ಕೈಯಿಂದ ಫೋನು ಕಸಿಯಿತು.

"ಅಜಿತ ಅದಾನ ಅಲ್ಲೆ," ಎಂದೆ. "ಆ ಮುದುಕಿ ಅದಾಳ. ಪೂನಮ, ಕೊಡ ಇಲ್ಲೆ."

"ಹೆಣದ ಮುಂದ ಏನ ಅಂದಿದ್ರಿ ಅಕ್ಕಾರ?"

ನಾನು ಏನು ಅಂದಿದ್ದೆ ಎಂಬುದು ನನಗೆ ಅಕ್ಷರಶಃ ನೆನಪಿತ್ತು. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಆ ಗಳಿಗೆಯಲ್ಲಿ ಪೂನಮ ಫೋನನ್ನು ಪಕ್ಕದ ನೀರಿನ ಕೊಡದೊಳಗೆ ಬಿಟ್ಟಳು.

ಒಳಗಿನ ಕೋಣೆಯ ಕೆಮ್ಮು ನಿಂತಿತು.

"ಯಾರವಾ ಬಂದಾವ್ರು?" ಎಂದಳು ಹನಮವ್ವ. "ಕುಂಡ್ರಾಕ ಹೇಳು."